ನೋಂದಣಿಯಾದ ಮಾತ್ರಕ್ಕೆ ಮನೆ ನಮ್ಮದಾಯಿತೇ?

ಜೀವಮಾನದ ಉಳಿತಾಯವನ್ನೆಲ್ಲ ಒಂದೇ ದಿನ ಇನ್ನೊಬ್ಬರ ಕೈಗೆ ಒಪ್ಪಿಸುವ ವ್ಯವಹಾರವೆಂದರೆ ಮನೆ ಖರೀದಿ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಹೆಬ್ಬೆರಳೊತ್ತಿ, ಭಾವಚಿತ್ರ ತೆಗೆಸಿಕೊಂಡು ಹೊರಬಂದ ಕ್ಷಣದಿಂದ ಮನೆ ನಮ್ಮದಾಯಿತೆಂದು ನಾವೆಲ್ಲ ನಂಬುತ್ತೇವೆ. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಮೂರು ತೀರ್ಪುಗಳು ಈ ನಂಬಿಕೆಯನ್ನು ಮರುಪರಿಶೀಲಿಸಬೇಕೆಂದು ಎಚ್ಚರಿಸುತ್ತವೆ.

ಮಾರುವವನ ಒಡೆತನಕ್ಕೆ ಪುರಾವೆ ಕೇಳಿ ನೋಂದಣಿಯನ್ನು ನಿರಾಕರಿಸಲು ಅವಕಾಶವಿದ್ದ ತಮಿಳುನಾಡಿನ ನಿಯಮವನ್ನು ನ್ಯಾಯಾಲಯವು ಏಪ್ರಿಲ್‌ನಲ್ಲಿ ರದ್ದುಪಡಿಸಿತು. ಮೇ ತಿಂಗಳ ತೀರ್ಪು ನಮ್ಮ ಹೈದರಾಬಾದಿನ ರಾಯದುರ್ಗದ ಜಮೀನಿಗೇ ಸಂಬಂಧಿಸಿದ್ದು. 1982ರ ನೋಂದಣಿಯಾಗದ ಕರಾರುಪತ್ರವೊಂದನ್ನು ಆಧರಿಸಿದ ನಂತರದ ಕ್ರಯಪತ್ರಗಳು ನೋಂದಣಿಯಾದ ಮಾತ್ರಕ್ಕೆ ಒಡೆತನವನ್ನು ಕೊಡಲಾರವೆಂದು ಅಲ್ಲಿ ಹೇಳಲಾಯಿತು. ನವೆಂಬರ್‌ನಲ್ಲಿ ಬಿಹಾರದ ಇಂತಹದೇ ನಿಯಮವೂ ಬಿದ್ದುಹೋಯಿತು. ಮೂರರ ಸಾರ ಒಂದೇ: ನಮ್ಮ ದೇಶದಲ್ಲಿ ನೋಂದಣಿಯಾಗುವುದು ದಸ್ತಾವೇಜು, ಒಡೆತನವಲ್ಲ. ಮಾರುವವನು ನಿಜವಾದ ಒಡೆಯನೇ ಎಂಬುದನ್ನು ನಿರ್ಣಯಿಸುವುದು ಉಪನೋಂದಣಾಧಿಕಾರಿಯ ಕೆಲಸವಲ್ಲ. ಆ ಹೊಣೆ ಕೊಳ್ಳುವವನದೇ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಮಕ್ಕಳಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ಕೊಳ್ಳುವವನ ಪರವಾಗಿ ಸಾಲಿಸಿಟರ್ ಹಕ್ಕುಪತ್ರಗಳ ಶೋಧ ನಡೆಸುತ್ತಾನೆ. ಹಣವೂ ಅವನ ಮೂಲಕವೇ ಕೈ ಬದಲಾಗುತ್ತದೆ. ಭೂ ನೋಂದಣಿ ಕಚೇರಿಯಲ್ಲಿ ದಾಖಲಾದ ಒಡೆತನಕ್ಕೆ ಸರ್ಕಾರವೇ ಜಾಮೀನು. ಇಲ್ಲಿ ಅಂತಹ ಜಾಮೀನಿಲ್ಲ. ಆದ್ದರಿಂದ ವಕೀಲರ ನೆರವು ಇಂಗ್ಲೆಂಡಿಗಿಂತ ಇಲ್ಲಿಯೇ ಹೆಚ್ಚು ಅಗತ್ಯ. ಆದರೆ ನಮ್ಮವರು ಬಹುಮಟ್ಟಿಗೆ ಮಾರುವವನು ತೋರಿಸಿದ ದಸ್ತಾವೇಜು ಬರಹಗಾರನನ್ನೋ, ಸಾಲ ಕೊಡುವ ಬ್ಯಾಂಕಿನ ವಕೀಲರನ್ನೋ ನೆಚ್ಚಿಕೊಳ್ಳುತ್ತಾರೆ. ಬ್ಯಾಂಕಿನ ವಕೀಲರು ಕಾಯುವುದು ಬ್ಯಾಂಕಿನ ಹಿತವನ್ನು.

ಬೇಗಂ ಬಜಾರಿನಂತಹ ಹಳೆಯ ಪೇಟೆಯಲ್ಲಿ ಈ ಪ್ರಶ್ನೆ ಇನ್ನಷ್ಟು ಜಟಿಲ. ನಿಜಾಮರ ಕಾಲದಿಂದಲೂ ಸಗಟು ವ್ಯಾಪಾರದ ನೆಲೆಯಾಗಿರುವ ಇಲ್ಲಿ ಕೆಳಗೆ ಮಳಿಗೆ, ಮೇಲೆ ಮನೆ, ಒಂದೇ ಸೂರಿನಡಿ ಅಣ್ಣತಮ್ಮಂದಿರ ಪಾಲು ಎಂಬ ಏರ್ಪಾಡು ಸಾಮಾನ್ಯ. ಇಂತಹ ಕಟ್ಟಡ ಕೊಳ್ಳುವವರು ನಾಲ್ಕು ಪ್ರಶ್ನೆಗಳನ್ನು ಕೇಳಲೇಬೇಕು.

ಮೊದಲನೆಯದು ಮೂಲಪತ್ರದ್ದು. 1948ಕ್ಕೆ ಹಿಂದಿನ ಪತ್ರಗಳು ಸಾಮಾನ್ಯವಾಗಿ ಉರ್ದುವಿನಲ್ಲಿದ್ದು, ಫಸಲಿ ವರ್ಷದ ಲೆಕ್ಕದಲ್ಲಿರುತ್ತವೆ. ಫಸಲಿಗೆ 590 ಕೂಡಿಸಿದರೆ ಸರಿಸುಮಾರು ಕ್ರಿಸ್ತಶಕ ಸಿಗುತ್ತದೆ. ಫಸಲಿ 1350 ಎಂದರೆ 1940ರ ಆಸುಪಾಸು. ಬೀದರ, ಕಲಬುರಗಿ, ರಾಯಚೂರುಗಳಿಂದ ಬಂದ ನಮ್ಮ ಹಿರಿಯರಿಗೆ ಇವು ಅಪರಿಚಿತವಲ್ಲ. ಅಂತಹ ಪತ್ರಗಳನ್ನು ತಿಳಿದವರಿಂದ ಅನುವಾದ ಮಾಡಿಸದೆ ಮುಂದುವರಿಯಬಾರದು.

ಎರಡನೆಯದು ಋಣಭಾರ ಪ್ರಮಾಣಪತ್ರದ್ದು. ತೆಲಂಗಾಣದಲ್ಲಿ ಗಣಕಯಂತ್ರದಲ್ಲಿ ದೊರೆಯುವ ಮಾಹಿತಿ 1983ರಿಂದೀಚಿನದು. ಅದಕ್ಕೂ ಹಿಂದಿನದನ್ನು ಕಚೇರಿಯ ಪುಸ್ತಕಗಳಲ್ಲಿ ಹುಡುಕಿಸಬೇಕು. ಅಲ್ಲದೆ ಈ ಪ್ರಮಾಣಪತ್ರದಲ್ಲಿ ನೋಂದಣಿಯಾದ ವ್ಯವಹಾರಗಳು ಮಾತ್ರ ಕಾಣುತ್ತವೆ. ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲುಪಟ್ಟಿ, ನ್ಯಾಯಾಲಯದಲ್ಲಿರುವ ದಾವೆ ಕಾಣದೆ ಉಳಿಯಬಹುದು. ನೋಂದಣಿ ನಿಷೇಧಿತ ಆಸ್ತಿಗಳ ಪಟ್ಟಿಯನ್ನೂ ನೋಡಬೇಕು. ಸರ್ಕಾರಿ, ವಕ್ಫ್ ಮತ್ತು ದೇವಸ್ಥಾನದ ಆಸ್ತಿಗಳು ಅದರಲ್ಲಿರುತ್ತವೆ. ಆಸ್ತಿ ತೆರಿಗೆಯ ರಸೀದಿ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿಯೇ ಹೊರತು ಒಡೆತನಕ್ಕಲ್ಲ.

ಮೂರನೆಯದು ವಾರಸುದಾರರದ್ದು. ಪಿತ್ರಾರ್ಜಿತ ಆಸ್ತಿಯಾದರೆ ಗಂಡುಮಕ್ಕಳ ಸಹಿಯಷ್ಟೇ ಸಾಲದು. ಆಂಧ್ರಪ್ರದೇಶದ ತಿದ್ದುಪಡಿಯು ಅದುವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ 1985ರಲ್ಲಿಯೇ ಹುಟ್ಟಿನಿಂದ ಬರುವ ಪಾಲನ್ನು ನೀಡಿತ್ತು. ಕರ್ನಾಟಕದಲ್ಲಿ ಅದು 1994ರಲ್ಲಿ ಬಂದಿತು. 2005ರ ಕೇಂದ್ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿತು. ಅಂದು ತಂದೆ ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಆದ್ದರಿಂದ ಮದುವೆಯಾಗಿ ದೂರದೂರಿಗೆ ಹೋದ ಮಗಳ ಸಹಿಯೂ ಬೇಕಾಗಬಹುದು. ‘ತಂಗಿಗೆ ಕೊಡಬೇಕಾದದ್ದನ್ನು ಮದುವೆಯಲ್ಲೇ ಕೊಟ್ಟಿದ್ದೇವೆ’ ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ.

ನಾಲ್ಕನೆಯದು, ಈಗ ಒಳಗಿರುವವರು ಯಾರು? ಕೆಳಗಿನ ಮಳಿಗೆಯ ಹಳೆಯ ಬಾಡಿಗೆದಾರ ಕ್ರಯಪತ್ರದೊಡನೆ ಮಾಯವಾಗುವುದಿಲ್ಲ. ಕೊಂಡವನು ಹಳೆಯ ಮಾಲೀಕನ ಸ್ಥಾನಕ್ಕೆ ಬರುತ್ತಾನೆ, ಅಷ್ಟೇ. ಸ್ವಾಧೀನದಲ್ಲಿರುವವರಿಗೆ ಯಾವ ಹಕ್ಕಿದ್ದರೂ ಅದು ಕೊಳ್ಳುವವನಿಗೆ ತಿಳಿದಿತ್ತೆಂದೇ 1882ರ ಆಸ್ತಿ ಹಸ್ತಾಂತರ ಕಾಯಿದೆಯು ಭಾವಿಸುತ್ತದೆ. ‘ನಮಗೆ ಯಾರೂ ಹೇಳಲಿಲ್ಲ’ ಎಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ.

ಇನ್ನು ಜನರಲ್ ಪವರ್ ಆಫ್ ಅಟಾರ್ನಿಯ ಮೂಲಕ ನಡೆಯುವ ಮಾರಾಟ. ನೋಟರಿ ಮುಂದೆ ಬರೆದ ಕರಾರು ಮತ್ತು ಅಧಿಕಾರಪತ್ರಗಳಿಂದ ಒಡೆತನ ಬರುವುದಿಲ್ಲವೆಂದು 2011ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಸಾರಿದೆ. ಬೆಲೆ ಕಡಿಮೆಯೆಂಬ ಆಸೆಗೆ ಹಾಗೆ ಕೊಂಡ ಮನೆಯನ್ನು ಮುಂದೆ ನಾವು ಮಾರಹೊರಟಾಗ ಕಷ್ಟ ಎದುರಾಗುತ್ತದೆ.

ಪರಿಹಾರವೇನು? ಮುಂಗಡ ಹಣ ಕೊಡುವ ಮೊದಲೇ ನಮ್ಮ ಪರವಾದ ವಕೀಲರನ್ನು ನೇಮಿಸಿಕೊಂಡು, ಕನಿಷ್ಠ 30 ವರ್ಷಗಳ ಒಡೆತನದ ಸರಪಳಿಯನ್ನು ಪರಿಶೀಲಿಸಿ ಲಿಖಿತ ಅಭಿಪ್ರಾಯ ಪಡೆಯಬೇಕು. 30 ಎಂಬುದಕ್ಕೆ ಕಾರಣವಿದೆ. ಆಸ್ತಿಯ ಸ್ವಾಧೀನಕ್ಕಾಗಿ ದಾವೆ ಹೂಡಲು ಖಾಸಗಿಯವರಿಗೆ ಸಾಮಾನ್ಯವಾಗಿ 12 ವರ್ಷದ ಕಾಲಮಿತಿಯಾದರೆ, ಸರ್ಕಾರಕ್ಕೆ 30 ವರ್ಷ. ಹಕ್ಕಿನಲ್ಲಿ ದೋಷ ಕಂಡರೆ ಮುಂಗಡ ಹಿಂತಿರುಗಿಸುವ ಷರತ್ತು ಕರಾರಿನಲ್ಲಿರಲಿ. ಹಣವೆಲ್ಲ ಬ್ಯಾಂಕಿನ ಮೂಲಕವೇ ಸಾಗಲಿ. ಬೆಲೆ 50 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ಶೇ. 1ರಷ್ಟು ಆದಾಯ ತೆರಿಗೆಯನ್ನು ಮುರಿದು ಕಟ್ಟುವುದು ಕೊಳ್ಳುವವನ ಕರ್ತವ್ಯವೆಂಬುದನ್ನೂ ಮರೆಯಬಾರದು.

1908ರ ನೋಂದಣಿ ಕಾಯಿದೆಯ ಬದಲಿಗೆ ಹೊಸ ಮಸೂದೆಯ ಕರಡನ್ನು ಕೇಂದ್ರವು 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ಕ್ರಯದ ಕರಾರು, ಅಧಿಕಾರಪತ್ರ ಮುಂತಾದವುಗಳ ನೋಂದಣಿಯನ್ನು ಕಡ್ಡಾಯಗೊಳಿಸುವ ಪ್ರಸ್ತಾಪ ಅದರಲ್ಲಿದೆ. ಬಿಹಾರದ ಪ್ರಕರಣದಲ್ಲಿ ನ್ಯಾಯಾಲಯವು ನೋಂದಣಿಯನ್ನೂ ಒಡೆತನವನ್ನೂ ಬೆಸೆಯುವ ದಾರಿಯನ್ನು ಅಧ್ಯಯನ ಮಾಡುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. ಇವು ಸ್ವಾಗತಾರ್ಹ. ಆದರೆ ಒಡೆತನಕ್ಕೆ ಸರ್ಕಾರವೇ ಜಾಮೀನು ನಿಲ್ಲುವ ದಿನದವರೆಗೆ ಎಚ್ಚರ ಕೊಳ್ಳುವವನದೇ. ಮನೆಯ ಬೆಲೆಯ ಮುಂದೆ ವಕೀಲರ ಶುಲ್ಕ ಅಲ್ಪ. ಅದನ್ನು ಉಳಿಸಹೋಗಿ ಮಕ್ಕಳಿಗೆ ಮನೆಯ ಬದಲು ಮೊಕದ್ದಮೆಯನ್ನು ಬಿಟ್ಟುಹೋಗುವುದು ಯಾವ ಕುಟುಂಬಕ್ಕೂ ಬೇಡ.