ಗೋದಾಮಿಗೆ ಸೂಪರ್‌ವೈಸರ್ ಬೇಕು, ಕಲಿಸುವವರು ಯಾರು? ಅಪ್ರೆಂಟಿಸ್ ಕಾಯ್ದೆ ಹೇಳುವುದೇನು, ಬಿಟ್ಟಿರುವುದೇನು

ರಾತ್ರಿ ಎರಡು ಗಂಟೆ ಎಂದುಕೊಳ್ಳಿ. ಮುಂಬೈ ಹೊರವಲಯದ ಭಿವಂಡಿಯ ಗೋದಾಮೊಂದರ ಎದುರು ಆರು ಲಾರಿಗಳು ನಿಂತಿವೆ. ಹೈದರಾಬಾದ್‌ಗೆ ಹೊರಡಬೇಕಾದ ಒಂದು ಲಾರಿಯ ಇ-ವೇ ಬಿಲ್ ಅವಧಿ ಆಗಲೇ ಮುಗಿದಿದೆ. ಇನ್ನೊಂದರಲ್ಲಿ ಔಷಧಿ ಬಂದಿದೆ, ಬೇಗ ಶೀತಲ ಕೊಠಡಿ ಸೇರಬೇಕು. ಫೋರ್ಕ್‌ಲಿಫ್ಟ್ ಓಡಿಸುವವರು ಇಬ್ಬರೇ. ಯಾವ ಲಾರಿ ಮೊದಲು? ಇದನ್ನು ತೀರ್ಮಾನಿಸುವುದು ಮನೆಯಲ್ಲಿ ಮಲಗಿರುವ ಮ್ಯಾನೇಜರ್ ಅಲ್ಲ, ಆ ಪಾಳಿಯ ಸೂಪರ್‌ವೈಸರ್.

ಇ-ವೇ ಬಿಲ್ ಅವಧಿ ಮುಗಿದ ಎಂಟು ಗಂಟೆಯೊಳಗೆ ಅದನ್ನು ವಿಸ್ತರಿಸಿಕೊಳ್ಳಲು ಅವಕಾಶವಿದೆ. ಇದು ಗೊತ್ತಿಲ್ಲದೆ ಲಾರಿ ರಸ್ತೆಗಿಳಿದು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ತೆರಿಗೆಯ ಶೇ 200ರಷ್ಟು ದಂಡ ಬೀಳಬಹುದು. ಇಂಥ ತಿಳಿವಳಿಕೆ ತರಗತಿಯ ಪಾಠದಿಂದಷ್ಟೇ ಬರುವುದಿಲ್ಲ. ಅನುಭವಿಯೊಬ್ಬರ ಪಕ್ಕದಲ್ಲಿ ನಿಂತು ಕಲಿಯಬೇಕು. ಅಪ್ರೆಂಟಿಸ್‌ಶಿಪ್ ಇರುವುದೇ ಅದಕ್ಕೆ.

ಗೋದಾಮು ದೊಡ್ಡದಾಯಿತು

2017ರ ಜುಲೈಗೆ ಮುನ್ನ ಕಂಪನಿಗಳು ಕೇಂದ್ರ ಮಾರಾಟ ತೆರಿಗೆ ಉಳಿಸಲು ರಾಜ್ಯಕ್ಕೊಂದು ಸಣ್ಣ ಗೋದಾಮು ಇಟ್ಟುಕೊಳ್ಳುತ್ತಿದ್ದವು. ಜಿಎಸ್‌ಟಿ ಬಂದ ಮೇಲೆ ಆ ಅಗತ್ಯ ತಪ್ಪಿತು. ಭಿವಂಡಿ, ಪುಣೆಯ ಚಾಕಣ್, ಚೆನ್ನೈನ ಶ್ರೀಪೆರಂಬದೂರು, ಹೈದರಾಬಾದ್‌ನ ಮೇಡ್ಚಲ್, ಬೆಂಗಳೂರಿನ ಹೊಸಕೋಟೆ, ನೆಲಮಂಗಲ ಸುತ್ತ ದೊಡ್ಡ ಗೋದಾಮುಗಳು ಎದ್ದವು. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯೂ ಬಂತು. ಕಟ್ಟಡ ಬೆಳೆದಷ್ಟು ವೇಗವಾಗಿ ಪಾಳಿ ನಡೆಸಬಲ್ಲವರು ತಯಾರಾಗುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ?

1961ರ ಅಪ್ರೆಂಟಿಸ್ ಕಾಯ್ದೆಯ ನಿಯಮಗಳಿಗೆ 2019ರಲ್ಲಿ ತಿದ್ದುಪಡಿಯಾಯಿತು. ಅದರಂತೆ 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆ ತನ್ನ ಒಟ್ಟು ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಗುತ್ತಿಗೆ ಸಿಬ್ಬಂದಿಯೂ ಈ ಲೆಕ್ಕಕ್ಕೆ ಸೇರುತ್ತಾರೆ. ಅಂದರೆ 400 ಜನರಿರುವ ಸಂಸ್ಥೆಯಲ್ಲಿ ಕನಿಷ್ಠ 10, ಗರಿಷ್ಠ 60 ಮಂದಿ.

ಅದೇ ತಿದ್ದುಪಡಿ ತಿಂಗಳ ಸ್ಟೈಪೆಂಡ್‌ನ ಕನಿಷ್ಠ ಮೊತ್ತವನ್ನು ವಿದ್ಯಾರ್ಹತೆಗೆ ತಕ್ಕಂತೆ 5,000ದಿಂದ 9,000 ರೂಪಾಯಿ ಎಂದು ನಿಗದಿ ಮಾಡಿತು. ಇದನ್ನು 6,800ರಿಂದ 12,300 ರೂಪಾಯಿಗೆ ಏರಿಸುವಂತೆ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಸ್ಟೈಪೆಂಡ್‌ನ ಶೇ 25ರಷ್ಟನ್ನು, ಗರಿಷ್ಠ 1,500 ರೂಪಾಯಿವರೆಗೆ, ಕೇಂದ್ರವೇ ಅಭ್ಯರ್ಥಿಯ ಖಾತೆಗೆ ಹಾಕುತ್ತದೆ.

ತೊಡಕು ಎಲ್ಲಿದೆ?

ಕಾಯ್ದೆಯ ಕಣ್ಣಿನಲ್ಲಿ ಅಪ್ರೆಂಟಿಸ್ ಕಾರ್ಮಿಕನಲ್ಲ, ಕಲಿಯುವವನು. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ನಿರ್ಬಂಧ ಸಂಸ್ಥೆಗಿಲ್ಲ. ನಿಜವಾಗಿ ಕಲಿಸಿದರೆ ಈ ಸಡಿಲಿಕೆಗೆ ಅರ್ಥವಿದೆ. ಕಲಿಸದಿದ್ದರೆ ಅಪ್ರೆಂಟಿಸ್ ಎಂಬುದು ಅಗ್ಗದ ಕೂಲಿಗೆ ಇನ್ನೊಂದು ಹೆಸರಾಗುತ್ತದೆ. ಹಬ್ಬದ ಮಾರಾಟದ ದಿನಗಳಲ್ಲಿ ಗೋದಾಮಿಗೆ ಬೇಕಾಗುವುದು ಕೈಗಳು. ಸೂಪರ್‌ವೈಸರ್ ಆಗಲು ಬಂದ ಪದವೀಧರನನ್ನು ವರ್ಷವಿಡೀ ಸ್ಕ್ಯಾನರ್ ಹಿಡಿಸಿ ನಿಲ್ಲಿಸಿದರೆ, ಕೊನೆಗೆ ಅವನ ಕೈಗೆ ಸಿಗುವುದು ಪ್ರಮಾಣಪತ್ರ ಮಾತ್ರ.

ಅಪ್ರೆಂಟಿಸ್‌ಗಳ ಸಂಖ್ಯೆ ಕಡಿಮೆಯಾದರೆ ದಂಡವಿದೆ. ಮೊದಲ ಮೂರು ತಿಂಗಳು ಒಂದು ಸ್ಥಾನಕ್ಕೆ ತಿಂಗಳಿಗೆ 500 ರೂಪಾಯಿ, ಆನಂತರ 1,000 ರೂಪಾಯಿ. ಈ ದಂಡ ಸ್ಟೈಪೆಂಡ್‌ಗಿಂತಲೂ ಅಗ್ಗ. ಅದಕ್ಕಿಂತ ಮುಖ್ಯವಾಗಿ, ಅದು ಎಣಿಸುವುದು ತಲೆಗಳನ್ನು, ಕಲಿಕೆಯನ್ನಲ್ಲ.

ಜರ್ಮನಿಯಲ್ಲಿ ಗೋದಾಮಿನ ಕೆಲಸಕ್ಕೆ ಎರಡು ವರ್ಷದ ತರಬೇತಿ ಬೇರೆ, ಮೂರು ವರ್ಷದ ಲಾಜಿಸ್ಟಿಕ್ಸ್ ತರಬೇತಿ ಬೇರೆ. ಮೊದಲನೆಯದನ್ನು ಮುಗಿಸಿದವರು ಇನ್ನೊಂದು ವರ್ಷ ಕಲಿತು ಎರಡನೆಯದಕ್ಕೆ ಏರಬಹುದು. ಮೆಟ್ಟಿಲು ಎಲ್ಲಿಂದ ಎಲ್ಲಿಗೆ ಎಂಬುದು ಸೇರುವ ದಿನವೇ ಗೊತ್ತಿರುತ್ತದೆ.

ಸೇರುವ ಮುನ್ನ ಕೇಳಬೇಕಾದ್ದು

ಹಾಗಾಗಿ ಲಾಜಿಸ್ಟಿಕ್ಸ್ ಅಪ್ರೆಂಟಿಸ್‌ಶಿಪ್‌ಗೆ ಅರ್ಜಿ ಹಾಕುವವರು ಸ್ಟೈಪೆಂಡ್ ಎಷ್ಟು ಎಂದಷ್ಟೇ ಕೇಳಿದರೆ ಸಾಲದು. ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ? ಅದರಲ್ಲಿ ನಮೂದಾದ ಹುದ್ದೆ ಸೂಪರ್‌ವೈಸರ್‌ದೋ, ಸರಕು ಎತ್ತಿಡುವವರದೋ? ಸರಕು ಸ್ವೀಕಾರ, ದಾಸ್ತಾನು ಎಣಿಕೆ, ಲಾರಿ ಹಂಚಿಕೆ, ದಾಖಲೆ ಪತ್ರ, ಸುರಕ್ಷತೆ ಈ ಎಲ್ಲ ವಿಭಾಗಗಳಲ್ಲಿ ಎಷ್ಟೆಷ್ಟು ವಾರ? ಕಲಿಸುವ ಹೊಣೆ ಯಾರದು? ತರಬೇತಿ ವೇಳೆ ಗಾಯವಾದರೆ ಪರಿಹಾರ ಕೊಡುವುದು ಉದ್ಯೋಗದಾತನ ಹೊಣೆ ಎಂದು ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ ಎಂಬುದೂ ತಿಳಿದಿರಲಿ.

ಸರ್ಕಾರ ಮಾಡಬೇಕಾದ್ದೂ ದೊಡ್ಡದೇನಲ್ಲ. ಸ್ಟೈಪೆಂಡ್‌ನ ಪಾಲು ಕೊಡುವ ಮೊದಲು ಅಪ್ರೆಂಟಿಸ್ ಆ ತಿಂಗಳು ಯಾವ ವಿಭಾಗದಲ್ಲಿ ಏನು ಕಲಿತ ಎಂಬ ದಿನಚರಿ ಕೇಳಿದರೆ ಸಾಕು. ಅದಕ್ಕೆ ಅಪ್ರೆಂಟಿಸ್‌ನ ಸಹಿಯೂ ಇರಲಿ. ತರಬೇತಿಯ ಕೊನೆಯಲ್ಲಿ ಬರಹದ ಪರೀಕ್ಷೆಯ ಜೊತೆ ಒಂದು ಇಡೀ ಪಾಳಿಯನ್ನು ಅವನ ಕೈಗೆ ಕೊಟ್ಟು ನೋಡಲಿ. ರಾತ್ರಿ ಎರಡು ಗಂಟೆಗೆ ಯಾವ ಲಾರಿ ಮೊದಲು ಎಂದು ಅವನು ಧೈರ್ಯವಾಗಿ ಹೇಳಬಲ್ಲನಾದರೆ, ತರಬೇತಿ ನಡೆದಿದೆ ಎಂದರ್ಥ.