ಕಾರಿನ ಕಿಟಕಿಯ ರಬ್ಬರೂ ನಮ್ಮ ಉದಾಸೀನವೂ

ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ಸರಿಪಡಿಸುವುದು, ಅಂಗಳದ ತೋಡು ಬಿಡಿಸುವುದು, ಸೌದೆ ಒಳಗಿಡುವುದು ನಮ್ಮ ಊರುಗಳಲ್ಲಿ ತಲೆತಲಾಂತರದಿಂದ ನಡೆದು ಬಂದ ಪದ್ಧತಿ. ವರ್ಷಕ್ಕೆ 3,000 ಮಿಲ್ಲಿಮೀಟರಿನಷ್ಟು ಮಳೆ ಸುರಿಯುವ ಈ ಕರಾವಳಿಯಲ್ಲಿ ಒಂದು ಹಂಚು ಒಡೆದರೆ ಪಕ್ಕಾಸು ಕುಂಬಾಗುತ್ತದೆಂದು ಯಾರೂ ಯಾರಿಗೂ ಕಲಿಸಿಕೊಡಬೇಕಾಗಿಲ್ಲ. ಆದರೆ ಅದೇ ಅಂಗಳದಲ್ಲಿ ನಿಂತಿರುವ ಕಾರಿನ ಕಿಟಕಿಯ ರಬ್ಬರು ಬಿರಿದಿದೆಯೇ ಎಂದು ನೋಡುವವರು ಎಷ್ಟು ಮಂದಿ? ನಾವಂತೂ ನೋಡಿರಲಿಲ್ಲ. ಅದರ ಫಲವನ್ನು ಉಂಡ ಮೇಲೆ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಮನೆಯಲ್ಲಿರುವುದು ತೀರ್ಥರೂಪರು ಸೆಕೆಂಡ್‌ಹ್ಯಾಂಡಾಗಿ ಕೊಂಡಿದ್ದ ಅಂಬಾಸಿಡರ್ ಕಾರು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ಅನುಸರಿಸಿ, ಕಲ್ಕತ್ತದ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರ ತನಕ ತಯಾರಾಗುತ್ತಿದ್ದ ಗಾಡಿ ಅದು. ಮಂತ್ರಿಗಳಿಗೂ ಅದೇ, ಮದುವೆ ದಿಬ್ಬಣಕ್ಕೂ ಅದೇ, ಹೆರಿಗೆ ನೋವಿನವರನ್ನು ಮಂಗಳೂರಿಗೆ ಸಾಗಿಸಲೂ ಅದೇ ಎಂಬ ಕಾಲವೊಂದಿತ್ತು. ತೀರ್ಥರೂಪರು ತೀರಿಕೊಂಡ ಮೇಲೆ ಕಾರು ನಮ್ಮ ಪಾಲಿಗೆ ಬಂತು. ಎಂಜಿನ್ ಎಣ್ಣೆ ಬದಲಿಸಿದೆವು, ಟಯರು ಹಾಕಿಸಿದೆವು. ಕಿಟಕಿಯ ರಬ್ಬರಿನ ಕಡೆಗೆ ಹತ್ತು ವರ್ಷ ಕಣ್ಣು ಹಾಯಿಸಲಿಲ್ಲ.

ಎರಡು ವರ್ಷಗಳ ಹಿಂದೆ ಆಟಿ ತಿಂಗಳ ಒಂದು ದಿನ ತಾಯಿಯವರನ್ನು ಡಾಕ್ಟರರ ಬಳಿಗೆ ಕರೆದೊಯ್ಯುತ್ತಿದ್ದೆವು. ಗಾಜನ್ನು ಪೂರ್ತಿ ಏರಿಸಿದ್ದರೂ ಅಂಚಿನಿಂದ ನೀರು ಇಳಿದು ಅವರ ಮೊಣಕಾಲು ಒದ್ದೆಯಾಗುತ್ತಿತ್ತು. ಅಮ್ಮ ಏನೂ ಹೇಳಲಿಲ್ಲ. ಚೀಲದಿಂದ ಬೈರಾಸು ತೆಗೆದು ಕಿಟಕಿಯ ಮೂಲೆಗೆ ತುರುಕಿ ಕುಳಿತರು. ತೀರ್ಥರೂಪರಿದ್ದಾಗ ಒಂದು ಹನಿಯೂ ಒಳಗೆ ಬಾರದಿದ್ದ ಕಾರದು. ಅವರು ಏನಾದರೂ ಅಂದಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮರುದಿನವೇ ವರ್ಕ್‌ಶಾಪೊಂದಕ್ಕೆ ಒಯ್ದೆವು. ಅಲ್ಲಿಯ ಹುಡುಗರು ಹಳೆಯ ರಬ್ಬರನ್ನು ಮುಟ್ಟದೆ ಅದರ ಮೇಲೆ ಸಿಲಿಕೋನ್ ಗೋಂದು ಬಳಿದರು. ಬಾಗಿಲಿನ ಕೆಳ ಅಂಚಿನಲ್ಲಿ ಕಂಡ ತೂತುಗಳನ್ನೂ 'ನೀರು ಬರುವ ದಾರಿ' ಎಂದು ಭಾವಿಸಿ ಮುಚ್ಚಿಬಿಟ್ಟರು. ನಾವೂ ಸಂತೋಷದಿಂದ ಹಣ ಕೊಟ್ಟು ಬಂದೆವು. ಮುಂದಿನ ವರ್ಷ ಕಾರು ತೊಳೆಯುವಾಗ ಬಾಗಿಲಿನ ಅಡಿಯ ತಗಡು ಹಪ್ಪಳದಂತೆ ಬೆರಳಿಗೆ ಪುಡಿಯಾಗಿ ಬಂತು!

ಆಗ ಊರ ಬದಿಯ ವೃದ್ಧ ಮೇಸ್ತ್ರಿಯೊಬ್ಬರನ್ನು ಹುಡುಕಿಕೊಂಡು ಹೋದೆವು. ಅವರು ಮಲಯಾಳದಲ್ಲಿ, ನಾವು ಕನ್ನಡದಲ್ಲಿ, ಮಾತಿಗೇನೂ ಅಡ್ಡಿಯಾಗಲಿಲ್ಲ. ಬಾಗಿಲನ್ನು ಒಮ್ಮೆ ಬಡಿದು ನೋಡಿ ಅವರು ಹೇಳಿದ್ದು ಇಷ್ಟೇ: "ಮಾಷೆ, ನೀರು ಮೇಲಿನಿಂದ ಬಂದದ್ದು ದೊಡ್ಡದಲ್ಲ, ಕೆಳಗಿನಿಂದ ಹೋಗಲಿಕ್ಕೆ ಬಿಡದ್ದೇ ತಪ್ಪು."

ಈ ಮಾತಿನ ಹುರುಳನ್ನು ಓದುಗರು ಗಮನಿಸಬೇಕು. ಕಾರಿನ ಬಾಗಿಲು ನೀರು ಹೊಗದ ಡಬ್ಬಿಯಲ್ಲ. ಗಾಜು ಏರಿಳಿಯಬೇಕಾದರೆ ಸಂದು ಇರಲೇಬೇಕು. ಸಂದಿನಲ್ಲಿ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ. ಆ ನೀರು ಬಾಗಿಲಿನ ಹೊಟ್ಟೆಯೊಳಗೆ ಹರಿದು ಕೆಳಗಿನ ತೂತುಗಳಿಂದ ಹೊರಗೆ ಹೋಗಬೇಕೆಂಬುದೇ ಅದನ್ನು ಮಾಡಿದವರ ಯೋಚನೆ. ರಬ್ಬರಿನಲ್ಲಿ ಮೂರು ಬಗೆ. ಗಾಜಿನ ಬುಡದಲ್ಲಿ ಒಳಗೂ ಹೊರಗೂ ಒರಸಿಕೊಂಡು ನಿಲ್ಲುವ ಪಟ್ಟಿ ಒಂದು. ಗಾಜು ಜಾರುವ ಚಾನಲಿನ ಒಳಮೈಯ ಮೆತ್ತೆ ಇನ್ನೊಂದು. ಬಾಗಿಲು ಮುಚ್ಚಿದಾಗ ಚೌಕಟ್ಟಿಗೆ ಒತ್ತಿ ಕೂರುವ ಬೀಡಿಂಗು ಮೂರನೆಯದು. ಮೊದಲನೆಯದು ಸವೆದರೆ ಮಳೆಯೆಲ್ಲ ಬಾಗಿಲಿನ ಹೊಟ್ಟೆಗೆ. ಎರಡನೆಯದು ಹೋದರೆ ಗಾಜು ಗಡಗಡ. ಮೂರನೆಯದು ಬಿರಿದರೆ ನೀರು ನೇರ ಸೀಟಿಗೆ. ಇದರ ಮೇಲೆ ಅಡಿಯ ತೂತು ಮಣ್ಣಿನಿಂದಲೋ ಗೋಂದಿನಿಂದಲೋ ಮುಚ್ಚಿಹೋದರೆ ಬಾಗಿಲು ನೀರು ತುಂಬಿದ ಮರಿಗೆಯಾಗುತ್ತದೆ. ತಗಡು ಒಳಗಿನಿಂದ ಕೊಳೆಯುತ್ತದೆ. ಹೊರಗಿನ ಬಣ್ಣ ಮಾತ್ರ ಕೊನೆಯವರೆಗೂ ನಗುತ್ತಿರುತ್ತದೆ.

ರಬ್ಬರು ಬಿರಿಯುವುದೇಕೆ? ನಮ್ಮ ಜಿಲ್ಲೆಯ ಮೂಡಣ ಗುಡ್ಡಗಳಲ್ಲಿ ಹಾಲಾಗಿ ಹರಿಯುವ ಸಹಜ ರಬ್ಬರಿನ ಅಣುಸರಪಳಿಯಲ್ಲಿ ಜೋಡಿ ಬಂಧಗಳಿವೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡಂತೆ ಗಂಧಕ ಬೆರೆಸಿ ಕಾಯಿಸಿದರೂ ಅವುಗಳಲ್ಲಿ ಬಹುಪಾಲು ಹಾಗೆಯೇ ಉಳಿಯುತ್ತವೆ. ಗಾಳಿಯಲ್ಲಿರುವ ಓಜೋನು ಅವನ್ನು ಕಡಿಯುತ್ತದೆ. ಎಳೆದು ಹಿಡಿದ ರಬ್ಬರನ್ನಂತೂ ಬೇಗನೆ ಕಡಿಯುತ್ತದೆ. ಬಿರುಕು ಎಳೆತಕ್ಕೆ ಅಡ್ಡವಾಗಿ ಬೀಳುವುದನ್ನು ಯಾರೂ ಕಣ್ಣಾರೆ ಕಾಣಬಹುದು. ಇಪಿಡಿಎಂ ಎಂಬ ಕೃತಕ ರಬ್ಬರಿನ ಮುಖ್ಯ ಸರಪಳಿಯಲ್ಲಿ ಈ ಜೋಡಿ ಬಂಧವಿಲ್ಲ. ಆದುದರಿಂದಲೇ ಇಂದಿನ ಕಾರುಗಳ ಬೀಡಿಂಗು ಹೆಚ್ಚಾಗಿ ಅದರದ್ದು. ಹಳೆಯ ಕಾರಿಗೂ ಕೇಳಿ ಅದನ್ನೇ ತರಿಸಿಕೊಳ್ಳುವುದು ಲೇಸು.

ಮೇಸ್ತ್ರಿಯವರು ಕೆಲಸ ಮಾಡಿದ ಕ್ರಮ ಹೀಗಿತ್ತು. ಗಾಜು ಏರಿಸುವ ಹಿಡಿಯನ್ನೂ ಒಳಗಿನ ಹಲಗೆಯನ್ನೂ ಕಳಚಿದರು. ಹಳೆಯ ರಬ್ಬರನ್ನು ಎಸೆಯಗೊಡದೆ ಅಳತೆಗೆಂದು ಬದಿಗಿಟ್ಟರು. ಒಣಗಿದ ಗೋಂದನ್ನು ಪೂರ್ತಿ ಕೆರೆದರು. ತುಕ್ಕನ್ನು ಮರಳು ಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು ಒಣಗಲು ಬಿಟ್ಟರು. ತೂತುಗಳನ್ನು ತಂತಿಯಿಂದ ಬಿಡಿಸಿದರು. ಹೊಸ ಪಟ್ಟಿಗೆ ಸಾಬೂನಿನ ನೀರು ಸವರಿ, ಎಳೆಯದೆ, ತುಸು ಉದ್ದವನ್ನೇ ಬಿಟ್ಟು ಮೂಲೆಯತ್ತ ಒತ್ತುತ್ತಾ ಕೂರಿಸಿದರು. ಎಳೆದು ಅಂಟಿಸಿದ ಪಟ್ಟಿ ಆರು ತಿಂಗಳಲ್ಲಿ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದಂತೆ. ನಾವು ಊರ ಅಭ್ಯಾಸದಂತೆ "ಸ್ವಲ್ಪ ತೆಂಗಿನೆಣ್ಣೆ ಹಾಕಿದರೆ ಸಲೀಸಲ್ಲವೇ" ಎಂದೆವು. ಅವರು ಕೈ ಅಡ್ಡ ಹಿಡಿದರು. ಎಣ್ಣೆ, ಗ್ರೀಸು ತಾಗಿದ ರಬ್ಬರು ಊದಿ ಮೆತ್ತಗಾಗುತ್ತದೆ. ಕೊನೆಗೆ ಬಾಗಿಲಿನ ಸಂದಿಗೆ ಒಂದು ಕಾಗದದ ಚೂರಿಟ್ಟು ಮುಚ್ಚಿ ಎಳೆದು ನೋಡಿದರು. ಬಿಗಿಯಾಗಿ ಬಂದರೆ ಸರಿ, ಸುಲಭವಾಗಿ ಜಾರಿದರೆ ಅಲ್ಲಿ ರಬ್ಬರು ತಾಗುತ್ತಿಲ್ಲವೆಂದು ಅರ್ಥ. ಬಾಗಿಲು ಕೆಲವು ದಿನ ಗಡುಸಾಗಿತ್ತು. ಆಮೇಲೆ ಹದಕ್ಕೆ ಬಂತು.

ನಾಲ್ಕು ಬಾಗಿಲಿನ ರಬ್ಬರಿಗೆ ತಗಲಿದ ವೆಚ್ಚದ ಎಂಟು ಪಟ್ಟು ತಗಡಿನ ಕೆಲಸಕ್ಕೆ ಹೋಯಿತು. ಇದು ನಮ್ಮ ಉದಾಸೀನದ ಬಡ್ಡಿ.

"ಇಷ್ಟೆಲ್ಲ ಪಾಡು ಯಾಕೆ, ಗುಜರಿಗೆ ಕೊಟ್ಟು ಹೊಸತು ಕೊಳ್ಳಬಾರದೇ" ಎಂದು ಮಿತ್ರರು ಕೇಳಿದ್ದುಂಟು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಳೆಯ ಕಾರಿನಲ್ಲಿ ಹೊಸ ಕಾರಿನ ಸುರಕ್ಷತೆಯಿಲ್ಲ, ಹೊಗೆಯೂ ಹೆಚ್ಚು. ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು; 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲಿನಲ್ಲಿ 5,000ಕ್ಕೇರಿತು. ಎಲ್ಲ ಹಳೆಯ ಗಾಡಿಗಳನ್ನೂ ಉಳಿಸಬೇಕೆಂಬುದು ನಮ್ಮ ವಾದವಲ್ಲ. ಕೊಡುವುದಾದರೆ ತಿಳಿದು ಕೊಡೋಣ. ಇಟ್ಟುಕೊಳ್ಳುವುದಾದರೆ ನೆಟ್ಟಗೆ ಇಟ್ಟುಕೊಳ್ಳೋಣ. ಇಟ್ಟುಕೊಂಡೂ ಕೊಳೆಯಗೊಡುವುದು ಮಾತ್ರ ಯಾವ ಲೆಕ್ಕದಲ್ಲೂ ಸರಿಯಲ್ಲ.

ನಮ್ಮನ್ನು ಹೆಚ್ಚು ಕಾಡುವ ವಿಷಯ ಬೇರೆಯೇ. ಆ ಮೇಸ್ತ್ರಿಯವರ ಬಳಿ ಕೆಲಸ ಕಲಿಯುವ ಹುಡುಗ ಒಬ್ಬನೂ ಇಲ್ಲ. ಅವರ ಬೆರಳುಗಳು ಬಲ್ಲದ್ದು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಗೋಂದು ಬಳಿದ ಹುಡುಗರನ್ನು ನಾವು ದೂರುವುದಿಲ್ಲ. ತೂತು ಅಲ್ಲಿ ಏಕಿದೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಥವರು ನಮ್ಮ ತರಗತಿಗಳ ಬೆಂಚಿನಿಂದಲೇ ಹೋದವರಲ್ಲವೇ? ಜೋಡಿ ಬಂಧವನ್ನು ಕರಿಹಲಗೆಯ ಮೇಲೆ ಬರೆಯುವ ನಾವು ಬಿರಿದ ರಬ್ಬರಿನ ತುಂಡೊಂದನ್ನು ಮಕ್ಕಳ ಕೈಗೆ ಕೊಟ್ಟದ್ದಿಲ್ಲ. ವೃತ್ತಿ ಪರಿಚಯ ಮೇಳಗಳಲ್ಲಿ ಬಹುಮಾನಕ್ಕೆಂದು ಹೊಸ ವಸ್ತು ಮಾಡಿಸುತ್ತೇವೆ. ಹಾಳಾದುದನ್ನು ಸರಿಪಡಿಸಿದ ಹುಡುಗನಿಗೆ ಬಹುಮಾನ ಕೊಟ್ಟದ್ದು ನಮಗೆ ನೆನಪಿಲ್ಲ. ವರ್ಷಕ್ಕೆ ಒಂದೆರಡು ಪೀರಿಯಡಾದರೂ ಇಂತಹ ಮೇಸ್ತ್ರಿಗಳನ್ನು ಶಾಲೆಗೆ ಕರೆದು, ಕುರ್ಚಿ ಕೊಟ್ಟು, ಅವರಿಂದ ಮಕ್ಕಳಿಗೆ ಹೇಳಿಸಬೇಕೆಂಬುದು ನಮ್ಮ ಸೂಚನೆ. ಇದಕ್ಕೆ ಸರಕಾರದ ಆದೇಶ ಕಾಯಬೇಕಾಗಿಲ್ಲ. ರಕ್ಷಕ-ಶಿಕ್ಷಕ ಸಂಘಗಳು ಮನಸ್ಸು ಮಾಡಿದರೆ ಸಾಕು.

ಅಷ್ಟರ ತನಕ ಓದುಗರಲ್ಲಿ ಒಂದು ವಿನಂತಿ. ಮುಂದಿನ ಮಳೆಗಾಲಕ್ಕೆ ಹಂಚು ನೋಡುವ ದಿನವೇ ಕಾರಿನ ಬಾಗಿಲಿಗೂ ಕಾಗದದ ಚೂರಿಟ್ಟು ನೋಡಿರಿ. ಕೆಳಗಿನ ತೂತಿಗೆ ಒಂದು ಕಡ್ಡಿ ಹಾಕಿರಿ. ಐದು ನಿಮಿಷದ ಕೆಲಸ. ನಮ್ಮ ತಾಯಿಯವರು ಈಗಲೂ ಕಾರು ಹತ್ತುವಾಗ ಬೈರಾಸು ತರುವುದನ್ನು ಬಿಟ್ಟಿಲ್ಲ. ಕಳೆದ ಮಳೆಗಾಲದಲ್ಲಿ ಅದು ಮಡಚಿದಂತೆಯೇ ಮನೆಗೆ ಹಿಂತಿರುಗಿತು.