ಬಿಳಿಮೀನಿನ ಮಾದರಿ ಎಲ್ಲಿಂದ ತೆಗೀತೀರಿ?

ಕೆಲವು ವರ್ಷದ ಹಿಂದೆ ಮಣ್ಣು ಪರೀಕ್ಷೆಗೆ ಮಾದರಿ ಕೊಟ್ಟಿದ್ದೆ. ಬಿಸಿಲಿಗೆ ಬೇಸತ್ತು, ತಿಪ್ಪೆ ಇದ್ದ ಮೂಲೆಯಿಂದಲೇ ಎರಡು ಬೊಗಸೆ ತುಂಬಿದೆ. ಸತ್ವ ಚೆನ್ನಾಗಿದೆ ಅಂತ ವರದಿ ಬಂತು. ನಂಬಿ ಗೊಬ್ಬರ ಕಮ್ಮಿ ಮಾಡಿದೆ, ರಾಗಿ ತೆನೆ ಮುಷ್ಟಿ ತುಂಬಲಿಲ್ಲ. ತಪ್ಪು ಪರೀಕ್ಷೆ ಮಾಡಿದವರದ್ದಲ್ಲ, ನನ್ನ ಬೊಗಸೆಯದು.

ನಮ್ಮ ಕಾವೇರಿಯ ಮೀನಿಗೂ ಹೀಗಾಗಬಾರದು ಅಂತ ಬರೀತಿದ್ದೀನಿ.

ಸಂಗಮದಿಂದ ಕೆಳಗೆ ಎರಡು ಬಗೆ ಬಿಳಿಮೀನು, ಅಂದರೆ ಮಹಶೀರ್, ಇವೆ. ಗೂನುಬೆನ್ನಿನ, ಕಿತ್ತಳೆ ರೆಕ್ಕೆಯದು ನಮ್ಮದೇ. ಕಾವೇರಿ ಮತ್ತು ಅದರ ಉಪನದಿ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಅದರ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ತೀರಾ ಅಳಿವಿನ ಅಂಚಿನದು ಅಂತ ಪಟ್ಟಿಗೆ ಸೇರಿದ್ದೂ ಆ ವರ್ಷವೇ! ನೀಲಿ ರೆಕ್ಕೆಯದು ಕೃಷ್ಣಾ ಸೀಮೆಯ ಹೊಳೆಗಳದ್ದು, ಮಹಾರಾಷ್ಟ್ರದ ಲೋಣಾವಳದಲ್ಲಿ ಮರಿ ಮಾಡಿ ತಂದು ಬಿಟ್ಟದ್ದು. ಗಾಲಿಬೋರೆಯಲ್ಲಿ ಗಾಳದವರು 1998ರಿಂದ 2012ರವರೆಗೆ ಹಿಡಿದ ಲೆಕ್ಕ ನೋಡಿದರೆ ನೀಲಿಯದು ಹೆಚ್ಚುತ್ತಾ ಹೋಯ್ತು, ನಮ್ಮದು ಇಳೀತಾ ಬಂತು. ಸಿಕ್ಕಿದವೂ ದೊಡ್ಡ ಮೀನೇ. ಹೊಸ ಮರಿ ಬರ್ತಿಲ್ಲ ಅಂತ ಅರ್ಥ.

ಎರಡೂ ಕೂಡಿ ಬೆರಕೆ ಆಗಿವೆಯೇ ಅನ್ನೋದು ಪ್ರಶ್ನೆ. ನಾನೇನು ಬೆರಕೆ ವಿರೋಧಿಯಲ್ಲ. ನಮ್ಮ ಇಂಡಾಫ್ ರಾಗಿ ಇಂಡಿಯಾ, ಆಫ್ರಿಕಾ ತಳಿ ಕೂಡಿಸಿದ್ದೇ. ಅಲ್ಲಿ ಅಪ್ಪ-ಅವ್ವ ತಳಿ ಎರಡೂ ಕೈಯಲ್ಲಿದ್ದವು. ಹೊಳೆಯಲ್ಲಿ ಮೂಲ ಕಳೆದುಹೋದರೆ ಯಾವ ಕಣಜದಿಂದ ತರೋದು?

ಪರೀಕ್ಷೆ ಆಗಲಿ, ಆದರೆ ಮಾದರಿ ತೆಗೆಯೋ ಕ್ರಮ ಮೊದಲು ಕೂತು ಬರೀಲಿ. ವಿಚಿತ್ರವಾಗಿ ಕಂಡ ಮೀನಿನ ರೆಕ್ಕೆಯನ್ನೇ ಕತ್ತರಿಸಿದರೆ ಹೊಳೆಯೆಲ್ಲ ಬೆರಕೆ ಅನ್ನಿಸುತ್ತೆ. ಚೆಂದದ ಗೂನನ್ನೇ ಆರಿಸಿದರೆ ಬೆರಕೆಯೇ ಇಲ್ಲ ಅನ್ನಿಸುತ್ತೆ. ಬೆರಕೆ ಮೀನು ಮತ್ತೆ ಶುದ್ಧದ ಜೊತೆ ಕೂಡಿ ಒಂದೆರಡು ತಲೆಮಾರು ಕಳೆದರೆ ಕಣ್ಣಿಗೆ ಶುದ್ಧದ ಹಾಗೇ ಇರುತ್ತೆ. ಅದಕ್ಕೇ ಬೆಳೆ ಕಟಾವು ಪ್ರಯೋಗದಲ್ಲಿ ಸರ್ವೆ ನಂಬರನ್ನು ಚೀಟಿ ಎತ್ತಿದ ಹಾಗೆ ಆರಿಸ್ತಾರಲ್ಲ, ಹಾಗೆ ಮಡುಗಳನ್ನು ಆರಿಸಬೇಕು. ಮೇಲಿನದು, ಕೆಳಗಿನದು, ಉಪನದಿಯದು ಎಲ್ಲಾ ಬರಬೇಕು. ಅಲ್ಲಿ ಬಲೆಗೆ ಬಿದ್ದ ಬಿಳಿಮೀನು ಸಣ್ಣದಿರಲಿ ದೊಡ್ಡದಿರಲಿ, ಒಂದನ್ನೂ ಬಿಡದೆ ರೆಕ್ಕೆ ತುದಿ ಚೂರು ತೆಗೆದು ಸ್ಪಿರಿಟ್ಟಿಗೆ ಹಾಕಿ, ಮೀನನ್ನು ನೀರಿಗೆ ಬಿಡಬೇಕು. ಒಂದೇ ಮಡುವಿನ ಮರಿಗಳು ಒಂದೇ ಬಸಿರಿನವಾಗಿರಬಹುದು, ನೂರು ತೆಗೆದರೂ ಒಂದು ಮನೆ ಲೆಕ್ಕವೇ. ಹೋಲಿಸೋಕೆ ನೀಲಿಯ ಶುದ್ಧ ಮಾದರಿ ಕೃಷ್ಣಾ ಕಡೆಯಿಂದ, ನಮ್ಮದರದ್ದು ಮೋಯಾರ್ ಹೊಳೆಯಿಂದ ತಂದಿರಬೇಕು.

ಪರೀಕ್ಷೆಯಲ್ಲೂ ಒಂದು ಸೂಕ್ಷ್ಮ ಇದೆ. ಅವ್ವನಿಂದಷ್ಟೇ ಬರುವ ಡಿಎನ್‌ಎ ನೋಡಿದರೆ ಅಪ್ಪ ಯಾರೆಂದು ಗೊತ್ತಾಗೋದಿಲ್ಲ. ಎರಡೂ ಕಡೆಯಿಂದ ಬರೋದನ್ನೂ ನೋಡಬೇಕು.

ಇಷ್ಟು ತಕರಾರು ಯಾಕೆ ಅಂದರೆ, ನಾಳೆ ಗೂನುಬೆನ್ನಿನದನ್ನು ಉಳಿಸ್ತೀವಿ ಅಂತ ಮರಿ ಮಾಡಿ ಬಿಡುವಾಗ ತಾಯಿಮೀನೇ ಬೆರಕೆ ಆಗಿದ್ದರೆ, ಬಿತ್ತನೆ ರಾಗಿಯಲ್ಲೇ ಕಲಬೆರಕೆ ಇದ್ದಂಗೆ. ಇನ್ನು ಯಾವ ಮಡುವಿನಲ್ಲಿ ಯಾವ ತಿಂಗಳು ಬಲೆ ಹಾಕಬಹುದು ಅನ್ನೋದು ಹರಿಗೋಲಿನವರಿಗೆ ಗೊತ್ತು. ನಕಾಶೆ ಬರೆದಾದ ಮೇಲೆ ಅವರನ್ನು ಕೂಲಿಗೆ ಕರೀಬೇಡಿ, ಬರೆಯುವಾಗಲೇ ಕೂರಿಸಿಕೊಳ್ಳಿ.